ಮಂದೆ ಜತೆ ಹೊರಡುವ ಮುನ್ನ: ಗುಡಾರ, ಗಾಡಿ ಸಜ್ಜುಗೊಳಿಸಲು ಹೊಸಬರಿಗೆ ಸರಳ ಸಲಹೆಗಳು

ಕುಂದುರ್ಪಿ: ಶೇಂಗಾ ಕಿತ್ತು ಹೊಲಗಳು ಬೋಳಾಗುತ್ತಿದ್ದಂತೆ ಗಡಿ ಭಾಗದ ಕುರಿ ಮಂದೆಗಳು ದಾರಿ ಹಿಡಿಯುತ್ತವೆ. ಕೆಲವರು ಪಾವಗಡ, ಚಳ್ಳಕೆರೆ ತಾಲ್ಲೂಕುಗಳ ಹೊಲಗಳಲ್ಲೇ ಊರಿಂದ ಊರಿಗೆ ತಿರುಗಿದರೆ, ಮತ್ತೆ ಕೆಲವರು ಬಳ್ಳಾರಿ ಕಡೆಯ ಕಾಲುವೆ ಗದ್ದೆಗಳವರೆಗೂ ಹೋಗುತ್ತಾರೆ. ಹೊಲದ ಮಾಲೀಕನಿಗೆ ಗೊಬ್ಬರ, ಕುರಿಗೆ ಮೇವು, ಮಂದೆಯವರಿಗೆ ಕಾಳೋ ಕಾಸೋ. ಮೂವರಿಗೂ ಲಾಭವಿರುವ ಈ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿದೆ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಾತ್ರ ಮಳೆ ಕಾಣುವ ಅನಂತಪುರ ಜಿಲ್ಲೆಯಲ್ಲಿ ಕುರಿ ನಂಬಿದವರಿಗೆ ಬೇರೆ ದಾರಿಯೂ ಇಲ್ಲ.

ಹಿಂದೆ ಒಂದು ಕಂಬಳಿ, ಒಂದು ದೊಣ್ಣೆ, ಬುತ್ತಿಗಂಟು ಇದ್ದರೆ ಸಾಕಾಗಿತ್ತು. ಈಗ ನೈಲಾನ್ ಬಲೆ, ಟಾರ್ಪಾಲು, ಸೋಲಾರ್ ದೀಪ, ನೀರಿನ ಕ್ಯಾನು ಎಲ್ಲ ಬಂದಿವೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಇಂಥ ಸಣ್ಣ ಸರಕು ಗಾಡಿಗಳು ಹಳ್ಳಿಹಳ್ಳಿಯಲ್ಲೂ ಆದವು. ಸಾಮಾನು, ಎಳೆಮರಿಗಳನ್ನು ಅದರಲ್ಲಿ ಹಾಕಿಕೊಂಡು ಹೋಗುವವರೂ ಇದ್ದಾರೆ. ಅಮೆರಿಕ, ಯೂರೋಪಿನ ಜನ ರಜೆ ಕಳೆಯಲು ಕಾರಿನ ಹಿಂದೆ ‘ಪಾಪ್-ಅಪ್ ಕ್ಯಾಂಪರ್’ ಎಂಬ ಮಡಚುವ ಗುಡಾರದ ಗಾಡಿಯನ್ನು ಕಟ್ಟಿ ಎಳೆದೊಯ್ಯುತ್ತಾರೆ. ನಿಂತ ಕಡೆ ಬಿಚ್ಚಿದರೆ ಮನೆ, ಹೊರಟಾಗ ಮಡಚಿದರೆ ಪೆಟ್ಟಿಗೆ. ನಮ್ಮ ಮಂದೆಯವರ ಗಾಡಿಯೂ ಹೆಚ್ಚು ಕಡಿಮೆ ಅದೇ. ಆದರೆ ಅವರದು ವಾರದ ವಿಹಾರ, ಇವರದು ತಿಂಗಳುಗಟ್ಟಲೆ ಸಂಸಾರ.

ಹೊಸದಾಗಿ ಮಂದೆ ಕಟ್ಟಿಕೊಂಡು ಹೊರಡುವವರು ದುಬಾರಿ ಗುಡಾರದ ಬಗ್ಗೆ ಯೋಚಿಸುತ್ತಾರೆ. ವಾಸ್ತವವಾಗಿ ಜೀವ ಉಳಿಸುವುದು ಅದಲ್ಲ. ಸೊಳ್ಳೆ ಪರದೆ, ನೆಲದಿಂದ ಎತ್ತರದ ಹಾಸಿಗೆ, ಹೊಳೆಯುವ ಪಟ್ಟಿ, ಸರಿಯಾದ ಜಾಗದ ಆಯ್ಕೆ ಇಂಥ ಸಣ್ಣ ಸಂಗತಿಗಳೇ ಮುಖ್ಯ. ಇವುಗಳ ಬಗ್ಗೆ ಇಲ್ಲಿದೆ ಮಾಹಿತಿ.

ಮೊದಲು ಮನೆಯಂಗಳದಲ್ಲಿ ಒಂದು ರಾತ್ರಿ

ಹೊಸ ಟಾರ್ಪಾಲನ್ನು ಮೊದಲ ಬಾರಿಗೆ ಬಿಚ್ಚುವುದು ಮಳೆ ಹನಿಯುವಾಗ ಆಗಬಾರದು. ಹೊರಡುವ ವಾರ ಮೊದಲೇ ಮನೆ ಮುಂದೆ ಅಥವಾ ಕಣದಲ್ಲಿ ಗುಡಾರ ನಿಲ್ಲಿಸಿ. ಅದರ ಮೇಲೆ ನಾಲ್ಕು ಬಿಂದಿಗೆ ನೀರು ಸುರಿದು ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಂತು ಹೊಟ್ಟೆ ಬಿಡುತ್ತದೆ ನೋಡಿ. ಒಂದು ರಾತ್ರಿ ಅದರಲ್ಲೇ ಮಲಗಿ. ಏನು ಮರೆತಿದ್ದೀರಿ ಎಂಬುದು ಬೆಳಗಾಗುವಷ್ಟರಲ್ಲಿ ತಾನೇ ಗೊತ್ತಾಗುತ್ತದೆ. ನಂತರ ಕತ್ತಲಲ್ಲಿ, ಟಾರ್ಚ್ ಬೆಳಕಿನಲ್ಲಿ ಇಬ್ಬರೇ ಸೇರಿ ಬಿಚ್ಚಿ ಕಟ್ಟುವುದನ್ನು ಅಭ್ಯಾಸ ಮಾಡಿ. ಅರ್ಧರಾತ್ರಿ ಗಾಳಿ ಎದ್ದಾಗ ಈ ಅಭ್ಯಾಸವೇ ಕೈ ಹಿಡಿಯುತ್ತದೆ.

ಟಾರ್ಪಾಲಿನ ಅಳತೆ

ಅಂಗಡಿಯಲ್ಲಿ ಟಾರ್ಪಾಲಿನ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು. ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ, ಹೊರುವ ಭಾರವೂ ಹೆಚ್ಚು. ತಿಂಗಳುಗಟ್ಟಲೆ ಬಿಸಿಲಿಗೆ ಒಡ್ಡುವುದಾದರೆ 200ರಿಂದ 250 ಜಿಎಸ್‌ಎಂ ತೆಗೆದುಕೊಳ್ಳುವುದು ಒಳ್ಳೆಯದು. ತೆಳುವಾದದ್ದು ಒಂದೇ ಬೇಸಿಗೆಗೆ ಪುಡಿಯಾಗುತ್ತದೆ.

ಮೂರು ಜನರ ಗುಡಾರಕ್ಕೆ 15 ಅಡಿ ಉದ್ದ, 12 ಅಡಿ ಅಗಲದ ಟಾರ್ಪಾಲು ಸಾಕು. ನಡುವಿನ ಎತ್ತರ 4 ಅಡಿ, ನೆಲದ ಮೇಲೆ ಅಗಲ 7 ಅಡಿ ಇಟ್ಟರೆ ಒಂದೊಂದು ಇಳಿಜಾರಿಗೆ ಸುಮಾರು 5.3 ಅಡಿ ಬೇಕು. ಎರಡೂ ಕಡೆ ಸೇರಿ 10.6 ಅಡಿ. ಮಿಕ್ಕ ಅಂಚನ್ನು ನೆಲದ ಮೇಲೆ ಹೊರಮುಖವಾಗಿ ಚಾಚಿ ಮಣ್ಣು, ಕಲ್ಲು ಹೇರಿ. ಉದ್ದದಲ್ಲಿ 12 ಅಡಿ ಗುಡಾರ ಮಾಡಿದರೆ ಎರಡೂ ಬಾಯಿಗೆ ಒಂದೂವರೆ ಅಡಿ ಸೂರು ಉಳಿಯುತ್ತದೆ. ಇದು ಇರಚಲನ್ನು ತಡೆಯುತ್ತದೆ.

ಹಗ್ಗ ಹಾಕುವ ಕಣ್ಣು ಕಿತ್ತುಹೋದರೆ ಟಾರ್ಪಾಲು ಹಾಳಾಯಿತು ಎಂದುಕೊಳ್ಳಬೇಡಿ. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಅಂಚಿನ ಒಳಗಡೆಯಿಂದ ಇಟ್ಟು, ಟಾರ್ಪಾಲನ್ನು ಅದರ ಸುತ್ತ ಮುದುರಿ, ಬುಡಕ್ಕೆ ಹಗ್ಗ ಬಿಗಿಯಿರಿ. ಹೊಸ ಕಣ್ಣಿಗಿಂತ ಇದೇ ಗಟ್ಟಿ. ಸಣ್ಣ ತೂತುಗಳಿಗೆ ಎರಡೂ ಕಡೆ ಅಂಟುಪಟ್ಟಿ ಹಚ್ಚಿ. ಹಚ್ಚುವ ಮುನ್ನ ಜಾಗ ಒಣಗಿ, ಧೂಳಿಲ್ಲದಂತೆ ಇರಬೇಕು.

ಕಂಬಳಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿ. ಚಳ್ಳಕೆರೆಯ ಕಂಬಳಿ ಹೆಸರಾದದ್ದು ಸುಮ್ಮನೆ ಅಲ್ಲ. ಕುರಿ ಉಣ್ಣೆಯಲ್ಲಿರುವ ಜಿಡ್ಡಿನಿಂದ, ನೇಯುವಾಗ ಹಾಕುವ ಹುಣಸೆ ಬೀಜದ ಗಂಜಿಯಿಂದ ಸಣ್ಣ ಮಳೆ ಅದರ ಮೇಲೆ ಜಾರುತ್ತದೆ. ನೆನೆದರೂ ಮೈ ಬೆಚ್ಚಗಿಡುವ ಗುಣ ಉಣ್ಣೆಗಿದೆ. ಪ್ಲಾಸ್ಟಿಕ್ ಹೊದಿಕೆಗೆ ಆ ಗುಣವಿಲ್ಲ.

ಗೂಟ ಮತ್ತು ಹಗ್ಗ

ಎಲ್ಲ ನೆಲಕ್ಕೂ ಒಂದೇ ಗೂಟ ಆಗುವುದಿಲ್ಲ. ನಮ್ಮ ಕಡೆಯ ಕಲ್ಲು ಮಿಶ್ರಿತ ಕೆಂಪು ನೆಲಕ್ಕೆ ಮನೆ ಕಟ್ಟುವ ಕಬ್ಬಿಣದ ಕಂಬಿಯನ್ನು ಒಂದೂಕಾಲು ಅಡಿ ಉದ್ದಕ್ಕೆ ಕತ್ತರಿಸಿ, ತಲೆ ಬಗ್ಗಿಸಿದರೆ ಒಳ್ಳೆಯ ಗೂಟ ಸಿದ್ಧ. ಎರೆ ಹೊಲದಲ್ಲಿ ಅದು ಮಳೆ ಬಿದ್ದ ಕೂಡಲೇ ಜಾರಿ ಬರುತ್ತದೆ. ಅಲ್ಲಿಗೆ ಎರಡು ಅಡಿ ಉದ್ದದ ಮರದ ಗೂಟವೇ ಸರಿ. ಹಳ್ಳದ ಪಕ್ಕದ ಮರಳು ನೆಲದಲ್ಲಿ ಯಾವ ಗೂಟವೂ ನಿಲ್ಲದು. ಖಾಲಿ ಗೊಬ್ಬರ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಅಡಿ ಆಳದಲ್ಲಿ ಹೂತುಬಿಡಿ.

ಗೂಟದ ತಲೆ ಗುಡಾರದಿಂದ ಆಚೆಗೆ ವಾಲಿರಬೇಕು. ಕಂಬ 4 ಅಡಿ ಎತ್ತರವಿದ್ದರೆ ಅದರ ಹಗ್ಗದ ಗೂಟವನ್ನೂ 4 ಅಡಿ ದೂರದಲ್ಲೇ ಹೊಡೆಯಿರಿ. ಕಂಬಿ ಗೂಟದ ತಲೆಗೆ ಹಳೆಯ ಚೆಂಡು ಅಥವಾ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ. ಕತ್ತಲಲ್ಲಿ ಎಡವಿದವರ ಕಾಲೂ ಉಳಿಯುತ್ತದೆ, ಕುರಿಯ ಹೊಟ್ಟೆಯೂ ಉಳಿಯುತ್ತದೆ. ಹಗ್ಗಕ್ಕೆ ಅಲ್ಲಲ್ಲಿ ಬಿಳಿ ಬಟ್ಟೆ ಚೂರು ಕಟ್ಟಿ.

ಜಾಗ ನೋಡಿ ಬಿಡಾರ

ಗುಡಾರ ಹಾಕುವ ಜಾಗ ಸುತ್ತಲಿನ ನೆಲಕ್ಕಿಂತ ಒಂದಿಷ್ಟು ಎತ್ತರದಲ್ಲಿರಲಿ. ಆದರೆ ಗುಡ್ಡದ ನೆತ್ತಿ ಬೇಡ, ಒಂಟಿ ಮರದ ಬುಡ ಬೇಡ, ಬದುವಿನ ಬಿಲಗಳ ಪಕ್ಕ ಬೇಡ, ಬಣವೆ, ಕಲ್ಲುಗುಪ್ಪೆಗಳ ಹತ್ತಿರ ಬೇಡವೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ಕಲ್ಯಾಣದುರ್ಗದ ಕಡೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದೇ ಈ ಗಾಳಿಯನ್ನು ನಂಬಿ. ಆ ತಿಂಗಳುಗಳಲ್ಲಿ ಗುಡಾರದ ಬಾಯಿ ಮೂಡಣಕ್ಕಿರಲಿ. ಅಕ್ಟೋಬರ್ ನಂತರ ಮಳೆ ಗಾಳಿ ಈಶಾನ್ಯದಿಂದ ಬರುವುದರಿಂದ ಬಾಯಿಯನ್ನು ನೈಋತ್ಯಕ್ಕೆ ತಿರುಗಿಸಿ.

ಒಣಗಿದ ಹಳ್ಳ, ಹೊಳೆಯ ಪಾತ್ರದಲ್ಲಿ ಮರಳು ಮೆತ್ತಗಿದೆ ಎಂದು ಬಿಡಾರ ಹೂಡುವುದು ಅಪಾಯ. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಒಣಗಿಯೇ ಇರುತ್ತದೆ ಎಂದು ಎಲ್ಲರೂ ನಂಬಿದ್ದ ವೇದಾವತಿ ಹೊಳೆ ಹರಿಯಿತು. ಇಲ್ಲಿ ಮೋಡವಿಲ್ಲದಿದ್ದರೂ ಮೇಲ್ಗಡೆ ಬಿದ್ದ ಮಳೆ ರಾತ್ರೋರಾತ್ರಿ ಬರಬಹುದು. ಹಳ್ಳದ ದಡ ಬಿಟ್ಟು ದೂರ, ಎತ್ತರದಲ್ಲಿ ಮಲಗುವುದೇ ಜಾಣತನ.

ಗುಡಾರದ ಮೇಲ್ಗಡೆ ಅಂಚಿನಲ್ಲಿ ಒಂದು ಗೇಣು ಅಗಲ, ಅರ್ಧ ಗೇಣು ಆಳದ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಹೊಲ ಬಿಡುವಾಗ ಅದನ್ನು ಮುಚ್ಚಿ ಹೋಗುವುದು ಮರ್ಯಾದೆ. ಮುಂದಿನ ವರ್ಷ ಅದೇ ಹೊಲಕ್ಕೆ ಮರಳಿ ಬರಬೇಕಲ್ಲ.

ಮಲಗುವುದು ನೆಲದಿಂದ ಮೇಲೆ, ಪರದೆಯ ಒಳಗೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬಹುಪಾಲು ಹಳ್ಳಿಯವರು. ಇದರಲ್ಲಿ ಕಟ್ಟುಹಾವು (ತೆಲುಗಿನ ಕಟ್ಲಪಾಮು) ಬಹಳ ಮೋಸದ್ದು. ರಾತ್ರಿ ಹೊತ್ತು ಓಡಾಡುತ್ತದೆ, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಕಡಿದರೆ ಅನೇಕ ಸಲ ನೋವೂ ಇಲ್ಲ, ಊತವೂ ಇಲ್ಲ, ಗಾಯವೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ, ಮಾತು ತೊದಲುವುದು ಕಾಣಿಸಿದರೆ ಅಜೀರ್ಣ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ತಡೆಯುವ ದಾರಿ ಸುಲಭ. ಒಂದು, ಮಡಚುವ ಮಂಚ ಅಥವಾ ನವಾರು ಮಂಚದ ಮೇಲೆ ಮಲಗುವುದು. ಗಾಡಿ ಇದ್ದವರು ಅದರಲ್ಲೇ ಮಲಗಬಹುದು. ಎರಡು, ಸೊಳ್ಳೆ ಪರದೆ. ಗುಡಾರದ ನಡು ಹಗ್ಗಕ್ಕೆ ಎರಡು ಕುಣಿಕೆ ಕಟ್ಟಿದರೆ ಪರದೆ ತೂಗು ಹಾಕಲು ಕ್ಷಣವೂ ಬೇಡ. ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಬೇಕು. ಸುಮ್ಮನೆ ಇಳಿಬಿಟ್ಟರೆ ಸೊಳ್ಳೆಗೂ ತಡೆಯಿಲ್ಲ, ಹಾವಿಗೂ ತಡೆಯಿಲ್ಲ. ಮಂಚ ಸಾಧ್ಯವಾಗದೆ ನೆಲದಲ್ಲೇ ಮಲಗುವವರಿಗೆ ಈ ಪರದೆ ಇನ್ನೂ ಮುಖ್ಯ.

ಮೂರು, ಕಾಳಿನ ಚೀಲ, ಶೇಂಗಾ, ಉಳಿದ ಅನ್ನವನ್ನು ಮಲಗುವ ಜಾಗದಲ್ಲಿ ಇಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗಾಡಿಯಲ್ಲಿಡಿ. ರಾತ್ರಿ ಎದ್ದರೆ ಟಾರ್ಚ್ ಹಾಕಿಯೇ ಕಾಲಿಡಿ. ಬೆಳಗ್ಗೆ ಚಪ್ಪಲಿ, ಕಂಬಳಿ ಕೊಡವಿಯೇ ಹಾಕಿಕೊಳ್ಳಿ. ಚೇಳಿಗೂ ಇದೇ ಮದ್ದು.

ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಮದ್ದಿಗೆ ಕಾಯುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಡಿತವಾದ ಕೈಕಾಲನ್ನು ಅಲುಗಿಸದೆ, ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಕಟ್ಟಿ, ನಡೆಸದೆ ಸಾಗಿಸಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ (ರಕ್ತಪಿಂಜರಿ), ಗರಗಸಮಂಡಲ ನಾಲ್ಕಕ್ಕೂ ಕೊಡುವ ಚುಚ್ಚುಮದ್ದು ಒಂದೇ.

ಗಾಡಿಯೇ ಮನೆಯಾದಾಗ

ಸಣ್ಣ ಸರಕು ಗಾಡಿ ಅಥವಾ ಟ್ರ್ಯಾಕ್ಟರ್ ಟ್ರೈಲರ್ ಇದ್ದವರು ಸುಲಭದ ಮಾರ್ಪಾಡು ಮಾಡಿಕೊಳ್ಳಬಹುದು. ಗಾಡಿಯ ಒಂದು ಬದಿಯ ಮೇಲಂಚಿಗೆ ನಾಲ್ಕು ಕೊಕ್ಕೆ ಹಾಕಿಸಿ. ಟಾರ್ಪಾಲಿನ ಒಂದು ಅಂಚನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ಅಂಚನ್ನು ಎರಡು ಕೋಲುಗಳ ಮೇಲೆ ಎಳೆದು ಕಟ್ಟಿದರೆ ಐದು ನಿಮಿಷದಲ್ಲಿ ಚಪ್ಪರ ಸಿದ್ಧ. ಹಗಲು ನೆರಳು, ರಾತ್ರಿ ಮರಿಗಳಿಗೆ ಆಸರೆ. ಹೊರ ಅಂಚು ಗಾಡಿಗಿಂತ ಒಂದಡಿ ತಗ್ಗಿನಲ್ಲಿರಲಿ, ನೀರು ನಿಲ್ಲುವುದಿಲ್ಲ.

ಮಲಗಲು ಗಾಡಿಯ ಮೇಲೆ ಕಮಾನು ಬೇಕಿದ್ದರೆ ಮೂರು ಪೈಪುಗಳನ್ನು ಬಗ್ಗಿಸಿ ಬದಿಯ ಕಿಂಡಿಗಳಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿ. ನಮ್ಮ ಹಿರಿಯರ ಕಮಾನು ಗಾಡಿಯ ಲೆಕ್ಕವೇ ಇದು. ಓಡಿಸುವಾಗ ಕಮಾನನ್ನು ಇಳಿಸಿ ಮಡಚಿಡಿ, ಗಾಳಿ ಹಿಡಿಯುತ್ತದೆ. ಫೋನು, ಟಾರ್ಚ್, ಔಷಧಿ ಇಡಲು ಹಳೆಯ ಚೀಲದ ಬಟ್ಟೆಯಲ್ಲಿ ಜೇಬುಗಳನ್ನು ಹೊಲಿದು ಒಳಗೆ ತೂಗುಬಿಟ್ಟರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ನೀರಿನ ಕ್ಯಾನು, ಕಾಳಿನಂಥ ಭಾರದ ಸಾಮಾನು ತಳದಲ್ಲಿರಲಿ. ಎರಡು ಚಕ್ರದ ಟ್ರೈಲರಾದರೆ ಅರ್ಧಕ್ಕಿಂತ ತುಸು ಹೆಚ್ಚು ಭಾರ ಅಚ್ಚಿನ ಮುಂದಿರಬೇಕು. ಹಿಂದೆ ಭಾರವಾದರೆ ಟ್ರೈಲರ್ ಹಾವಿನಂತೆ ತೂಗುತ್ತದೆ. ಕೊಂಡಿಯ ಪಿನ್ನಿಗೆ ಲಾಕು, ಜತೆಗೊಂದು ಸರಪಳಿ ಕಡ್ಡಾಯ. ನಿಲ್ಲಿಸಿದಾಗ ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ನಿಂತ ಗಾಡಿಯ ಅಡಿ ನೆರಳಿದೆಯೆಂದು ಮಲಗುವ ಅಭ್ಯಾಸ ಬಿಡಿ.

ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿ. ಬಳ್ಳಾರಿ–ಚಳ್ಳಕೆರೆ–ಹಿರಿಯೂರು ರಾಷ್ಟ್ರೀಯ ಹೆದ್ದಾರಿ 150ಎ ಅಂಥ ರಸ್ತೆಗಳಲ್ಲಿ ಲಾರಿಗಳ ವೇಗ ಗೊತ್ತಿರುವುದೇ. ಕುರಿ ರಸ್ತೆ ದಾಟಿಸುವುದಾದರೆ ಹಗಲಲ್ಲೇ ದಾಟಿಸಿ, ಮುಂದೊಬ್ಬರು ಹಿಂದೊಬ್ಬರು ಹೊಳೆಯುವ ಜಾಕೆಟ್ ಹಾಕಿ ನಿಲ್ಲಲಿ. ಸರಕು ಗಾಡಿಯ ಹಿಂಭಾಗದಲ್ಲಿ ಹೆಂಗಸರು, ಮಕ್ಕಳನ್ನು ಕೂರಿಸಿ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆ ಹಣಕ್ಕೂ ತೊಡಕು. ಅವರನ್ನು ಬಸ್ಸಿನಲ್ಲಿ ಕಳುಹಿಸಿ.

ಒಲೆ ಹೊರಗೆ, ದೀಪ ಒಳಗೆ

ಟಾರ್ಪಾಲು ಪ್ಲಾಸ್ಟಿಕ್. ಕಿಡಿ ತಾಗಿದರೆ ಉರಿಯುತ್ತಾ ಮೈಮೇಲೆ ಕರಗಿ ಬೀಳುತ್ತದೆ. ಒಲೆ ಗುಡಾರದಿಂದ ಕನಿಷ್ಠ ಹತ್ತು ಅಡಿ ದೂರ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿರಲಿ. ಚಳಿಯೆಂದು ಕೆಂಡದ ಬಾಣಲೆಯನ್ನು ಮುಚ್ಚಿದ ಗುಡಾರದೊಳಗೆ ಇಟ್ಟುಕೊಳ್ಳಬೇಡಿ. ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಸೀಮೆಎಣ್ಣೆ ಬುಡ್ಡಿಗೂ ಈಗ ಅಗತ್ಯವಿಲ್ಲ. ಸೋಲಾರ್ ದೀಪವನ್ನು ಹಗಲು ಗಾಡಿಯ ಮೇಲೆ ಬಿಸಿಲಿಗೆ ಇಟ್ಟರೆ ರಾತ್ರಿಗೆ ಬೆಳಕು. ಫೋನ್ ಚಾರ್ಜ್ ಮಾಡುವ ಸೌಲಭ್ಯ ಇರುವುದನ್ನೇ ಕೊಳ್ಳಿ. ಹೊಲದಲ್ಲಿ ಫೋನ್ ಸತ್ತರೆ ಆಂಬುಲೆನ್ಸ್ ಕರೆಯುವ ದಾರಿಯೂ ಮುಚ್ಚಿದಂತೆ.

ಸಿಡಿಲಿಗೆ ಗುಡಾರ ಆಸರೆಯಲ್ಲ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಕುರಿ ಕಾಯುವವರು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ವರ್ಷವೂ ಓದುತ್ತೇವೆ. ಬಹುತೇಕ ಮರದ ಕೆಳಗೆ ನಿಂತವರೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಲೆಕ್ಕ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಕಾಂಕ್ರೀಟ್ ಕಟ್ಟಡಕ್ಕೆ ಅಥವಾ ಗಾಡಿಯ ಮುಚ್ಚಿದ ಕ್ಯಾಬಿನ್ನಿಗೆ ಹೋಗಿ, ಗಾಜು ಏರಿಸಿ. ಟಾರ್ಪಾಲು ಹೊದಿಸಿದ ಹಿಂಭಾಗ ಸುರಕ್ಷಿತವಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಬಯಲಲ್ಲಿ ಸಿಕ್ಕಿಕೊಂಡರೆ ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಿ, ಮಲಗಬೇಡಿ. ತಂತಿ ಬೇಲಿ, ಕಬ್ಬಿಣದ ಕಂಬದಿಂದ ದೂರವಿರಿ. ಗುಂಪಾಗಿ ನಿಲ್ಲದೆ ಚದುರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮನೆಯ ಹುಡುಗರಿಂದ ಫೋನಿಗೆ ಹಾಕಿಸಿಕೊಳ್ಳಿ.

ಗಡಿ ದಾಟಿದ ಮೇಲೆ

2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕುಂದುರ್ಪಿ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದವು. ಪಕ್ಕದ ಪಾವಗಡ ತುಮಕೂರು ಜಿಲ್ಲೆ, ಚಳ್ಳಕೆರೆ ಚಿತ್ರದುರ್ಗ ಜಿಲ್ಲೆ. ಇದನ್ನೆಲ್ಲ ಹೇಳಲು ಕಾರಣವಿದೆ. 108 ಆಂಬುಲೆನ್ಸ್ ಎರಡೂ ರಾಜ್ಯಗಳಲ್ಲಿದೆ. ಆದರೆ ಗಡಿಯಲ್ಲಿ ಫೋನಿಗೆ ಯಾವ ರಾಜ್ಯದ ಟವರ್ ಸಿಕ್ಕಿದೆಯೋ ಕರೆ ಅಲ್ಲಿಗೇ ಹೋಗಬಹುದು. ಆದ್ದರಿಂದ ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲ್ಲೂಕು ಅಥವಾ ಮಂಡಲ, ಕೊನೆಗೆ ಊರು ಹೇಳಿ. ಕನ್ನಡವೋ ತೆಲುಗೋ, ಆ ಕಡೆಯವರ ಭಾಷೆಯಲ್ಲಿ ಹೇಳುವ ಅನುಕೂಲ ನಮಗಿದೆ, ಬಳಸಿಕೊಳ್ಳಿ.

ಪ್ರತಿ ಹೊಸ ಹೊಲದಲ್ಲಿ ಬಿಡಾರ ಹೂಡಿದ ಸಂಜೆಯೇ ಮೂರು ಸಂಗತಿ ಕೇಳಿ ಬರೆದಿಡಿ: ಹೊಲದ ಮಾಲೀಕರ ಫೋನ್ ನಂಬರು, ಆಂಬುಲೆನ್ಸ್ ಬರಬಹುದಾದ ರಸ್ತೆಯ ಗುರುತು, ಹಾವಿನ ಚುಚ್ಚುಮದ್ದು ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ. ಕುರಿಗಳಿಗೆ ಕಾಯಿಲೆಯಾದರೆ ಸಂಚಾರಿ ಪಶುವೈದ್ಯ ವಾಹನಕ್ಕೆ ಎರಡೂ ಕಡೆ 1962ಕ್ಕೆ ಕರೆ ಮಾಡಬಹುದು. ಹೊರಡುವ ಮುನ್ನವೇ ಊರಿನ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಚೀಟಿ ಜತೆಗಿಡಿ.

ಇನ್ನೊಂದು ಮಾತು. ಹಳೆಯ ದಾರಿ ಈಗಲೂ ಇದೆ ಎಂದು ಹೊರಡಬೇಡಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 2018ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿದೆ. ಹಿಂದೆ ಮಂದೆ ಹಾದುಹೋಗುತ್ತಿದ್ದ ಬಯಲಿಗೆ ಬೇಲಿ ಬಿದ್ದಿದೆ. ಒಬ್ಬರು ಬೈಕಿನಲ್ಲಿ ಮುಂಚೆ ಹೋಗಿ ದಾರಿ, ನೀರು ನೋಡಿ ಬರಲಿ.

ಮಡಚುವ ಮುನ್ನ ಒಣಗಿಸಿ

ಒದ್ದೆ ಟಾರ್ಪಾಲು, ಪರದೆಗಳನ್ನು ಸುತ್ತಿಟ್ಟರೆ ಬೂಸು ಹಿಡಿದು ನಾರುತ್ತವೆ. ಮಳೆಯಲ್ಲೇ ಹೊರಡಬೇಕಾಗಿ ಬಂದರೆ ಮುಂದಿನ ತಾಣದಲ್ಲಿ ಮೊದಲ ಕೆಲಸ ಅವನ್ನು ಬಿಸಿಲಿಗೆ ಹರಡುವುದು. ಒಂದೇ ಮಡಿಕೆಯಲ್ಲಿ ಪದೇ ಪದೇ ಮಡಚಿದರೆ ಅಲ್ಲೇ ಸೀಳುತ್ತದೆ, ಸುತ್ತಿಡುವುದು ಲೇಸು. ಊರಿಗೆ ಮರಳಿದ ಮೇಲೆ ತೊಳೆದು, ಒಣಗಿಸಿ, ಇಲಿಗೆ ಸಿಗದಂತೆ ಅಟ್ಟದ ಹಗ್ಗಕ್ಕೆ ತೂಗುಹಾಕಿ.

ಹೊರಡುವ ದಿನದ ಪಟ್ಟಿ

ಟಾರ್ಪಾಲು 2, ಕಂಬಿ ಗೂಟ 12, ಮರದ ಗೂಟ 6, ಹಗ್ಗ, ಸುತ್ತಿಗೆ, ಕುಡುಗೋಲು, ಸೂಜಿ ದಾರ, ಅಂಟುಪಟ್ಟಿ, ತಲೆಗೊಂದು ಸೊಳ್ಳೆ ಪರದೆ, ತಲೆಗೊಂದು ಟಾರ್ಚ್, ಮಂಚ, ಕಂಬಳಿ, ಕುಡಿಯುವ ನೀರಿಗೆ 20 ಲೀಟರಿನ ಕ್ಯಾನು 2, ಸೋಲಾರ್ ದೀಪ, ಹೊಳೆಯುವ ಪಟ್ಟಿ, ಜಾಕೆಟ್, ಗಾಯದ ಬಟ್ಟೆ, ಓಆರ್‌ಎಸ್ ಪುಡಿ, ಆಧಾರ್ ಜೆರಾಕ್ಸ್, ನಂಬರುಗಳ ಚೀಟಿ, ಕನ್ನಡದಲ್ಲೊಂದು ತೆಲುಗಿನಲ್ಲೊಂದು.

ಇಷ್ಟರಲ್ಲಿ ಗಾಡಿ ತುಂಬಿತು, ಏನಾದರೂ ಬಿಡಬೇಕು ಅನ್ನಿಸಿದರೆ ಎರಡನೇ ಟಾರ್ಪಾಲು ಬಿಡಿ. ಸೊಳ್ಳೆ ಪರದೆಯನ್ನು ಮಾತ್ರ ಬಿಡಬೇಡಿ.